ನಂದಿಗೆ ಸೈಕಲ್ ತುಳಿದು ಬಂದ ಮೇಲೂ ಕುರ್ಚಿಯಲ್ಲಿ ಕೂರಬೇಕೆಂದರೆ

ಮಳೆ ನಿಂತು ಚಳಿ ಬೀಳುವ ಹೊತ್ತಿಗೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ ಸಣ್ಣ ಸಡಗರ ಶುರುವಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ಕೊಂಡು, ಆಮೇಲೆ ದೂಳು ಹೊದ್ದು ನಿಂತಿದ್ದ ಸೈಕಲ್ಲುಗಳು ಒಂದೊಂದಾಗಿ ಹೊರಬರುತ್ತವೆ. ಗಾಳಿ ಬೀಳುತ್ತದೆ, ಚೈನು ಎಣ್ಣೆ ಕಾಣುತ್ತದೆ, ಭಾನುವಾರ ನಸುಕಿನಲ್ಲಿ ಒಂದು ಗುಂಪು ಹೆಬ್ಬಾಳ ದಾಟಿ ನಂದಿಬೆಟ್ಟದ ಕಡೆ ಹೊರಡುತ್ತದೆ. ಸೋಮವಾರ ಅವರಲ್ಲಿ ಅರ್ಧ ಜನ ಆಫೀಸಿನ ಕುರ್ಚಿಯ ತುದಿಯಲ್ಲಿ ಕೂತಿರುತ್ತಾರೆ.

ಕೆಳಗಿನ ಮನೆಯ ಹುಡುಗಿ ಹೋದ ವರ್ಷ ಹಾಗೆಯೇ ಹೋಗಿ ಬಂದಳು. "ಅಂಕಲ್, ಐವತ್ತು ಕಿಲೋಮೀಟರ್ ಆದ್ಮೇಲೆ ಕಿರುಬೆರಳು ಇದ್ಯೋ ಇಲ್ವೋ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಲಕ್ಷದ ಸೈಕಲ್ ತಗೊಂಡ್ರೆ ಸರಿಹೋಗತ್ತಾ?" ಎಂದು ಕೇಳಿದಳು. ಬಹುತೇಕ ಸರಿಹೋಗುವುದಿಲ್ಲ. ಅವಳ ಕೈಬೆರಳಿಗೂ ಸೈಕಲ್ಲಿನ ಬೆಲೆಗೂ ಸಂಬಂಧ ಕಡಿಮೆ. ಸಂಬಂಧ ಇರುವುದು ಕೆಲವು ಮಿಲಿಮೀಟರುಗಳಿಗೆ, ಟೈರಿನೊಳಗಿನ ಗಾಳಿಗೆ ಮತ್ತು ಒಂದೆರಡು ಬಿಡಿಭಾಗಗಳಿಗೆ. ಇರುವ ಸೈಕಲ್ಲನ್ನೇ ದೂರದ ಸವಾರಿಗೆ ಒಗ್ಗಿಸುವುದು ಹೇಗೆ, ಯಾವುದನ್ನು ಏಕೆ ಬದಲಿಸಬೇಕು ಎಂಬುದನ್ನು ಬುಡದಿಂದ ನೋಡೋಣ.

ದೂರ ಎಂದರೆ ಎಷ್ಟು?

ಮೂರು ಗಂಟೆಗಿಂತ ಹೆಚ್ಚು ಹೊತ್ತು ಸೀಟಿನ ಮೇಲೆ ಇರಬೇಕಾದ ಯಾವ ಸವಾರಿಯೂ ಈ ಲೇಖನದ ಮಟ್ಟಿಗೆ ದೂರವೇ. ಊರಿನ ನಡುವಿನಿಂದ ನಂದಿಗೆ ಸುಮಾರು 60 ಕಿ.ಮೀ., ಹೋಗಿ ಬಂದರೆ 120. ಮೈಸೂರಿಗೆ ಒಂದೇ ಕಡೆಗೆ 145ರ ಆಸುಪಾಸು. ಇದನ್ನೂ ದಾಟಿ 'ಬ್ರೆವೆ' ಎಂಬುದೊಂದಿದೆ. ಇದು ಓಟದ ಸ್ಪರ್ಧೆಯಲ್ಲ, ಗೊತ್ತಾದ ಅವಧಿಯಲ್ಲಿ ಗೊತ್ತಾದ ದೂರ ಮುಗಿಸುವ ಸವಾರಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ ಕೊಡುತ್ತಾರೆ. ಈ ಸಂಪ್ರದಾಯದ ಹಿರಿಯಜ್ಜ ಪ್ಯಾರಿಸ್‌ನಿಂದ ಬ್ರೆಸ್ಟ್ ಊರಿಗೆ ಹೋಗಿ ಮರಳುವ 1,200 ಕಿ.ಮೀ. ಸವಾರಿ. ಅದು ಮೊದಲು ನಡೆದದ್ದು 1891ರಲ್ಲಿ. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಗರಿಷ್ಠ ಅವಧಿ 90 ಗಂಟೆ. ಅಷ್ಟು ಹೊತ್ತು ಸೈಕಲ್ ಮೇಲಿರುವವರ ಮೊದಲ ಚಿಂತೆ ಅನೇಕ ಸಲ ವೇಗವಾಗಿರುವುದಿಲ್ಲ, ಕೂರುವುದು ಹೇಗೆ ಎಂಬುದಾಗಿರುತ್ತದೆ.

ಈ ಚಿಂತೆಗೆ ನಮ್ಮೂರಿನವರಿಗೆ ಇನ್ನೊಂದು ಕಾರಣವೂ ಇದೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೋ, ಮೋಟಾರಿಲ್ಲದ ವಾಹನಗಳಿಗೆ ಪ್ರವೇಶವಿಲ್ಲ. ಸೈಕಲ್ಲಿಗೆ ಸಿಗುವುದು ಸರ್ವಿಸ್ ರಸ್ತೆ. ಅಲ್ಲಿ ಹಂಪು, ಜಲ್ಲಿ, ಹಳ್ಳ ಎಲ್ಲವೂ ಲಭ್ಯ.

ಹಾಲಿನವರಿಗೆ ಏಕೆ ನೋಯುತ್ತಿರಲಿಲ್ಲ?

ಸೈಕಲ್ಲಿಗೂ ನಮಗೂ ಮೂರೇ ಕಡೆ ಸಂಬಂಧ: ಸೀಟು, ಹ್ಯಾಂಡಲ್, ಪೆಡಲ್. ಮೈಯ ಇಡೀ ಭಾರ ಈ ಮೂರು ಜಾಗಕ್ಕೆ ಹಂಚಿಹೋಗಬೇಕು. ಹಂಚಿಕೆ ಕೆಟ್ಟಾಗ ನೋವು ಶುರು.

ಹಳೆಯ ಕರಿ ಸೈಕಲ್ಲನ್ನು ನೆನಪು ಮಾಡಿಕೊಳ್ಳಿ. ಎರಡು ಕಡೆ ಕ್ಯಾನು ತೂಗುಹಾಕಿಕೊಂಡು ಹಾಲಿನವರು ಬೆನ್ನು ನೆಟ್ಟಗೆ ಮಾಡಿ ಕೂತು ಬರುತ್ತಿದ್ದರು. ಭಾರವೆಲ್ಲ ಸೀಟಿನ ಮೇಲೆ. ಅದಕ್ಕೇ ಆ ಸೀಟು ಅಗಲವಾಗಿತ್ತು, ಕೆಳಗೆ ದಪ್ಪ ಸ್ಪ್ರಿಂಗು ಇತ್ತು, ಟೈರೂ ದಪ್ಪಗಿತ್ತು. ಕೈಮೇಲೆ ಭಾರವೇ ಇಲ್ಲ. ಜೊತೆಗೆ ಅವರು ಮನೆಮನೆಗೂ ಇಳಿಯುತ್ತಿದ್ದರು ಎಂಬುದನ್ನು ಮರೆಯಬಾರದು.

ಹಾಗಾದರೆ ಎಲ್ಲರೂ ಹಾಗೇ ಕೂರಬಹುದಲ್ಲ? ಅಡ್ಡ ಬರುವುದು ಗಾಳಿ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 20–25 ಕಿ.ಮೀ. ದಾಟಿದ ಮೇಲೆ ನಮ್ಮ ಶ್ರಮದ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ನೆಟ್ಟಗೆ ಕೂತವರ ಎದೆ ಹಾಯಿಯಂತೆ ಗಾಳಿ ಹಿಡಿಯುತ್ತದೆ. ಜೊತೆಗೆ ಹಳ್ಳಕ್ಕೆ ಇಳಿದಾಗ ಆ ಪೆಟ್ಟು ನೇರವಾಗಿ ಬೆನ್ನುಮೂಳೆಗೆ ಏರುತ್ತದೆ. ಸ್ವಲ್ಪ ಮುಂದೆ ಬಾಗಿದರೆ ಭಾರ ಕೈಗೂ ಕಾಲಿಗೂ ಹಂಚಿ, ಸೊಂಟವೇ ಶಾಕ್ ಅಬ್ಸಾರ್ಬರ್ ಆಗುತ್ತದೆ. ಹೆಚ್ಚು ಬಾಗಿದರೆ ಕೈ ಸಾಯುತ್ತದೆ. ಇವೆರಡರ ನಡುವಿನ ಹದ ಹುಡುಕುವುದೇ ಇಲ್ಲಿನ ಕೆಲಸ.

ಇನ್ನೊಂದು ಲೆಕ್ಕ. ನಿಮಿಷಕ್ಕೆ 80 ಸುತ್ತು ಪೆಡಲ್ ತುಳಿದರೆ ಆರು ಗಂಟೆಯಲ್ಲಿ ಒಂದೊಂದು ಮಂಡಿಯೂ 28,800 ಸಲ ಮಡಚಿ ಬಿಚ್ಚುತ್ತದೆ. ತರಕಾರಿ ತರಲು ಹೋದಾಗ ಗೊತ್ತೇ ಆಗದ ಅರ್ಧ ಸೆಂಟಿಮೀಟರ್ ತಪ್ಪು ದೂರದಲ್ಲಿ ಚಪ್ಪಲಿಯೊಳಗಿನ ಮರಳಿನ ಹಾಗೆ ವರ್ತಿಸುತ್ತದೆ.

ಮೊದಲು ಎತ್ತರ: ಖರ್ಚು ಸೊನ್ನೆ

ಚಿಕ್ಕಂದಿನಲ್ಲಿ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತ ನಮ್ಮಂಥವರಿಗೆ ಒಂದು ಭಯ ಉಳಿದುಬಿಟ್ಟಿದೆ. ಸೀಟಿನ ಮೇಲೆ ಕೂತಾಗ ಎರಡೂ ಕಾಲು ನೆಲಕ್ಕೆ ತಾಗಬೇಕು. ಸಿಗ್ನಲ್‌ನಿಂದ ಸಿಗ್ನಲ್‌ಗೆ ಕುಂಟುವ ಈ ಊರಿನಲ್ಲಿ ಅದು ಅನುಕೂಲ ಎನಿಸುವುದೂ ನಿಜ. ಆದರೆ ಹಾಗೆ ಇಳಿಸಿದ ಸೀಟಿನಲ್ಲಿ ಮಂಡಿ ಪೂರ್ತಿ ಬಿಚ್ಚುವುದೇ ಇಲ್ಲ. ಇಡೀ ದಿನ ಅರ್ಧ ಬಸ್ಕಿ ಹೊಡೆದ ಹಾಗೆ. ಮಂಡಿಯ ಮುಂಭಾಗ ನೋಯುವುದಕ್ಕೆ ಇದು ಬಹಳ ಸಾಮಾನ್ಯವಾದ ಕಾರಣ.

ಸರಿಯಾದ ಎತ್ತರ ಕಂಡುಕೊಳ್ಳಲು ಗೋಡೆ ಹಿಡಿದು ಸೈಕಲ್ ಮೇಲೆ ಕೂತುಕೊಳ್ಳಿ. ಪೆಡಲನ್ನು ತೀರ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ನೇರವಾದರೆ ಎತ್ತರ ಹತ್ತಿರ ಹತ್ತಿರ ಸರಿ. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮಂಡಿಯಲ್ಲಿ ತುಸು ಬಾಗು ತಾನಾಗಿ ಉಳಿಯುತ್ತದೆ. ಅಳತೆಯ ದಾರಿಯೂ ಇದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ, ನೆಲದಿಂದ ಅದರ ಅಂಚಿಗೆ ಅಳೆಯಿರಿ. ಬಂದದ್ದನ್ನು 0.883ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ 70.6. ಪೆಡಲಿನ ತೋಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈಗೆ ಇಷ್ಟು ಇರಲಿ. ಇದು ಹೊರಡುವ ಜಾಗ ಮಾತ್ರ, ಇಲ್ಲಿಂದ ಎರಡು ಮೂರು ಮಿಲಿಮೀಟರಿನಷ್ಟು ಆಚೀಚೆ ಮಾಡುತ್ತಾ ಹೋಗಬೇಕು. ಹಿಂದಿನಿಂದ ನೋಡಿದವರು "ಸೊಂಟ ಕುಣಿಯುತ್ತಿದೆ" ಎಂದರೆ, ಅಥವಾ ಮಂಡಿಯ ಹಿಂಭಾಗ ಎಳೆದರೆ, ಸೀಟು ಅತಿ ಎತ್ತರವಾಗಿದೆ. ಕನಿಷ್ಠ ಇಷ್ಟು ಒಳಗಿರಬೇಕು ಎಂದು ಸೀಟಿನ ಕಂಬದ ಮೇಲೆ ಹಾಕಿರುವ ಗುರುತು ಹೊರಗೆ ಕಾಣುವಷ್ಟು ಎಂದೂ ಎಳೆಯಬೇಡಿ, ಕಂಬವೋ ಫ್ರೇಮೋ ಮುರಿದೀತು.

ಸಿಗ್ನಲ್‌ನಲ್ಲಿ? ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಕಾಲನ್ನು ನೆಲಕ್ಕೆ ಕೊಡುವುದು. ಎರಡು ದಿನದಲ್ಲಿ ರೂಢಿಯಾಗುತ್ತದೆ.

ಗಾಳಿಯೇ ಗಾದಿ

ಒಂದೇ ಒಂದು ಭಾಗಕ್ಕೆ ದುಡ್ಡು ಹಾಕುವುದಾದರೆ ಟೈರಿಗೆ ಹಾಕಿ ಎನ್ನುತ್ತೇನೆ. ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆಯುವ ತನಕ ಸೈಕಲ್ಲುಗಳು ಓಡುತ್ತಿದ್ದದ್ದು ಗಟ್ಟಿ ರಬ್ಬರಿನ ಮೇಲೆ, ಅದಕ್ಕೂ ಮೊದಲು ಕಬ್ಬಿಣದ ಪಟ್ಟಿಯ ಮೇಲೆ. ಆ ಕಾಲದ ಒಂದು ಬಗೆಯ ಸೈಕಲ್ಲಿಗೆ ಇಂಗ್ಲೆಂಡಿನಲ್ಲಿ ಇದ್ದ ಅಡ್ಡಹೆಸರು 'ಮೂಳೆ ಅಲ್ಲಾಡಿಸುವುದು'. ರಸ್ತೆಗೂ ಮೈಗೂ ನಡುವೆ ನಿಂತು ಪೆಟ್ಟು ತಿನ್ನುವುದು ಗಾಳಿ.

ಟೈರು ರಸ್ತೆಗೆ ತಾಗುವ ಜಾಗ ಎಷ್ಟು ಗೊತ್ತೇ? ಸವಾರ ಮತ್ತು ಸೈಕಲ್ ಸೇರಿ 90 ಕೆ.ಜಿ. ಎಂದುಕೊಳ್ಳಿ. ಅದರಲ್ಲಿ ಸುಮಾರು 54 ಕೆ.ಜಿ., ಎಂದರೆ 119 ಪೌಂಡು, ಹಿಂದಿನ ಚಕ್ರದ ಮೇಲೆ. ಗಾಳಿಯ ಒತ್ತಡವನ್ನು ಅಳೆಯುವ ಪಿಎಸ್‌ಐ ಎಂದರೆ ಒಂದು ಚದರ ಇಂಚಿನ ಮೇಲೆ ಇಷ್ಟು ಪೌಂಡು ಎಂದರ್ಥ. 80 ಪಿಎಸ್‌ಐ ಗಾಳಿ ಇದ್ದರೆ 119 ಪೌಂಡು ಹೊರಲು ಬೇಕಾದ ಜಾಗ ಒಂದೂವರೆ ಚದರ ಇಂಚು, ಬೆಂಕಿಪೊಟ್ಟಣದ ಮುಖದ ಅರ್ಧ. ಗಾಳಿ ಕಡಿಮೆ ಮಾಡಿದರೆ ಆ ಜಾಗ ಹಿಗ್ಗುತ್ತದೆ, ಟೈರು ಮೆತ್ತಗಾಗುತ್ತದೆ. ಆದರೆ ಕಿರಿದಾದ ಟೈರಿನಲ್ಲಿ ಹಾಗೆ ಮಾಡಿದರೆ ಹಳ್ಳಕ್ಕೆ ಬಿದ್ದಾಗ ರಿಮ್ಮು ರಸ್ತೆಗೆ ಬಡಿದು, ನಡುವೆ ಸಿಕ್ಕ ಟ್ಯೂಬಿಗೆ ಅಕ್ಕಪಕ್ಕ ಎರಡು ತೂತು. ಅದಕ್ಕೇ ಅಗಲ ಬೇಕು. 25 ಮಿ.ಮೀ. ಟೈರಿನ ಜಾಗಕ್ಕೆ 35 ಬಂದರೆ ಒಳಗೆ ಹಿಡಿಯುವ ಗಾಳಿ ಹೆಚ್ಚೂಕಡಿಮೆ ಎರಡರಷ್ಟು. ಗಾತ್ರ ದೊಡ್ಡದು, ಒತ್ತಡ ಕಡಿಮೆ, ಪೆಟ್ಟು ಮೃದು.

"ದಪ್ಪ ಟೈರು ನಿಧಾನ" ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ನುಣ್ಣಗಿನ ಟ್ರ್ಯಾಕಿನಲ್ಲಿ ಅದರಲ್ಲಿ ಸ್ವಲ್ಪ ನಿಜ ಇರಬಹುದು. ಒರಟು ರಸ್ತೆಯಲ್ಲಿ ಕಲ್ಲಿನಂತೆ ಗಾಳಿ ಹೊಡೆಸಿದ ಟೈರು ಪ್ರತಿ ಜಲ್ಲಿಗೂ ಸೈಕಲ್ಲನ್ನೂ ನಿಮ್ಮನ್ನೂ ಮೇಲಕ್ಕೆ ಎತ್ತಿಹಾಕುತ್ತದೆ. ಹಾಗೆ ಎತ್ತಲು ಬಳಕೆಯಾದ ಶಕ್ತಿ ನಿಮ್ಮ ಕಾಲಿನದೇ. ಮೆತ್ತಗಿನ ಟೈರು ಜಲ್ಲಿಯನ್ನು ನುಂಗಿ ಮುಂದೆ ಹೋಗುತ್ತದೆ. ನಿಧಾನ ಮಾಡುವುದು ಅಗಲಕ್ಕಿಂತ ಹೆಚ್ಚಾಗಿ ಗುಬಟು ಗುಬಟಾದ ಮೇಲ್ಮೈ. ಎಂಟಿಬಿ, ಎಂದರೆ ಬೆಟ್ಟದ ದಾರಿಗೆಂದು ಮಾಡಿದ ಮೌಂಟನ್ ಬೈಕ್, ಇದ್ದವರು ಅದರ ಗುಬಟು ಟೈರು ತೆಗೆದು ನುಣುಪಾದದ್ದನ್ನು ಹಾಕಿಸಿದರೆ ಹೊಸ ಸೈಕಲ್ ಕೊಂಡಷ್ಟು ವ್ಯತ್ಯಾಸ ಕಾಣುತ್ತದೆ.

ಸುಮಾರು 70 ಕೆ.ಜಿ. ತೂಕದವರಿಗೆ 25 ಮಿ.ಮೀ. ಟೈರಿನಲ್ಲಿ 85–95, 32ರಲ್ಲಿ 60–70, 40ರ ಹತ್ತಿರ ಹೋದರೆ 40–50 ಪಿಎಸ್‌ಐ ಆರಂಭದ ಅಂದಾಜು. ಹಿಂದಿನ ಚಕ್ರಕ್ಕೆ ತುಸು ಹೆಚ್ಚು. ಟೈರಿನ ಬದಿಯಲ್ಲಿ ಬರೆದಿರುವುದು ತಾಳುವ ಗರಿಷ್ಠ ಮಿತಿ, ಅಷ್ಟೇ ತುಂಬಬೇಕೆಂಬ ಆದೇಶವಲ್ಲ. ಹೆಬ್ಬೆರಳಿನಿಂದ ಒತ್ತಿ "ಸಾಕು ಸಾರ್" ಎನ್ನುವ ಅಳತೆ ಇಲ್ಲಿ ನಡೆಯುವುದಿಲ್ಲ. ಮುಳ್ಳು ತೋರಿಸುವ ಗೇಜು ಇರುವ ನಿಂತು ಒತ್ತುವ ಪಂಪು ಮನೆಯಲ್ಲಿರಲಿ.

ಕೊಳ್ಳುವ ಮುಂಚೆ ಟೈರಿನ ಬದಿಯಲ್ಲಿ 35-622 ಎಂಬಂಥ ಜೋಡಿಸಂಖ್ಯೆ ಹುಡುಕಿ. ಮೊದಲನೆಯದು ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಎರಡನೆಯದು ಕಡ್ಡಾಯವಾಗಿ ಹೊಂದಬೇಕು. 26 ಇಂಚಿನ ಎಂಟಿಬಿಗೆ 559, 27.5ಕ್ಕೆ 584, 700 ಎಂದು ಕರೆಯುವ, ತೆಳು ಟೈರಿನ ರೋಡ್ ಬೈಕು ಮತ್ತು ಅದಕ್ಕೂ ಎಂಟಿಬಿಗೂ ನಡುವಿನ ಹೈಬ್ರಿಡ್ ಸೈಕಲ್ಲುಗಳಿಗೆ 622. ತಮಾಷೆಯೆಂದರೆ 29 ಇಂಚಿನದೂ ಅದೇ 622. ಹಾಲಿನವರ 28 ಇಂಚಿನದು ಮಾತ್ರ 635. ಇಂಚಿನ ಹೆಸರು ನಂಬಿದವರು ಟೈರು ವಾಪಸ್ ಕೊಡಲು ಮತ್ತೊಮ್ಮೆ ಅಂಗಡಿಗೆ ಹೋಗುತ್ತಾರೆ. ಅಗಲ ಹೆಚ್ಚಿಸುವಾಗ ಫ್ರೇಮು, ಮುಂದಿನ ಚಕ್ರವನ್ನು ಹಿಡಿಯುವ ಕವೆಯಂಥ ಫೋರ್ಕು, ಬ್ರೇಕುಗಳ ನಡುವೆ ಎರಡೂ ಕಡೆ ನಾಲ್ಕೈದು ಮಿ.ಮೀ. ಸಂದು ಉಳಿಯಬೇಕು. ಅನೇಕ ರೋಡ್ ಬೈಕುಗಳು 28ಕ್ಕೇ ಕೈ ಎತ್ತುತ್ತವೆ. ಹೈಬ್ರಿಡ್ಡುಗಳಲ್ಲಿ ಸಾಮಾನ್ಯವಾಗಿ ಜಾಗ ಧಾರಾಳ.

ಮುಂದಿನ ಸ್ಪ್ರಿಂಗ್ ಫೋರ್ಕು ಈ ಕೆಲಸ ಮಾಡುವುದಿಲ್ಲವೇ ಎಂದು ಕೇಳಬಹುದು. ಅಗ್ಗದ ಸೈಕಲ್ಲುಗಳಲ್ಲಿ ಬರುವ ಅಂಥ ಫೋರ್ಕು ಭಾರ, ಏರಿನಲ್ಲಿ ನಿಂತು ತುಳಿದಾಗ ಕಾಲಿನ ಬಲವನ್ನು ಕುಗ್ಗಿ ಕುಗ್ಗಿ ತಿನ್ನುತ್ತದೆ. ಟಾರು ರಸ್ತೆಗೆ ದಪ್ಪ ಟೈರಿನ ಗಟ್ಟಿ ಫೋರ್ಕು ಸಾಕು. ಬದಲಿಸುವುದಾದರೆ ಹೊಸದರ ಎತ್ತರ ಹಳೆಯದಕ್ಕೆ ಹೊಂದಬೇಕು, ಇಲ್ಲವಾದರೆ ಸೈಕಲ್ ತಿರುಗುವ ಗುಣವೇ ಬದಲಾಗುತ್ತದೆ.

ಸೀಟು: ಸೋಫಾ ಬೇಡ, ಸ್ಟೂಲು ಬೇಕು

ಹಿಂಭಾಗ ನೊಂದ ತಕ್ಷಣ ಎಲ್ಲರೂ ಮಾಡುವ ಕೆಲಸ ಜೆಲ್ ಕವರ್ ಕೊಳ್ಳುವುದು. ನಾನೂ ಕೊಂಡಿದ್ದೆ. ಮೊದಲ ಅರ್ಧ ಗಂಟೆ ಸ್ವರ್ಗ. ಆಮೇಲೆ ಮೊದಲಿಗಿಂತ ನರಕ.

ಕಾರಣ ಸರಳ. ಗಟ್ಟಿ ಬೆಂಚಿನ ಮೇಲೆ ಕೂತಾಗ ಕೆಳಗೆ ಎರಡು ಮೂಳೆಗಳು ಒತ್ತುವುದು ತಿಳಿಯುತ್ತದೆ. ಕೂರುವುದಕ್ಕೆಂದೇ ಇರುವ ಮೂಳೆಗಳು ಅವು. ಭಾರ ಅವುಗಳ ಮೇಲೆ ಬೀಳಬೇಕು. ಅತಿ ಮೆತ್ತಗಿನ ಸೀಟಿನಲ್ಲಿ ಅವೆರಡೂ ಹೂತುಹೋಗಿ, ನಡುವೆ ಇರುವ ಮೃದು ಮಾಂಸ, ನರ, ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಜೋಮು ಹಿಡಿಯುವುದು ಅದಕ್ಕೆ. ಸೋಫಾದಲ್ಲಿ ಕೂತು ಹೊಲಿಗೆ ಯಂತ್ರ ತುಳಿಯಲು ಆಗುತ್ತದೆಯೇ? ಟೈಲರುಗಳು ಸ್ಟೂಲು ಬಳಸುತ್ತಾರೆ.

ಮೆತ್ತಗಿದೆಯೋ ಗಟ್ಟಿಯೋ ಎಂಬುದಕ್ಕಿಂತ ಸೀಟಿನ ಅಗಲ ಮುಖ್ಯ. ಫ್ರಿಜ್ಜಿನ ಡಬ್ಬದ ಸುಕ್ಕುರಟ್ಟಿನ ತುಂಡನ್ನು ಮೆಟ್ಟಿಲ ಮೇಲಿಟ್ಟು, ತುಸು ಮುಂದೆ ಬಾಗಿ ಒಂದು ನಿಮಿಷ ಕೂರಿ. ಎರಡು ತಗ್ಗು ಮೂಡುತ್ತವೆ. ಅವುಗಳ ನಡುಮಧ್ಯದ ಅಂತರ ಅಳೆದು, ಎರಡರಿಂದ ಮೂರು ಸೆಂ.ಮೀ. ಕೂಡಿಸಿದರೆ ಸೀಟಿನ ಹಿಂಭಾಗಕ್ಕೆ ಬೇಕಾದ ಅಗಲ ಸಿಗುತ್ತದೆ. ಹೆಂಗಸರಲ್ಲಿ ಈ ಅಂತರ ಸಾಮಾನ್ಯವಾಗಿ ಹೆಚ್ಚು. ಗಂಡಸರ ಅಳತೆಗೆ ಮಾಡಿದ ಸೀಟಿನ ಮೇಲೆ ಅವರಿಗೆ ನೋಯುವುದರಲ್ಲಿ ಆಶ್ಚರ್ಯವಿಲ್ಲ. ನಡುವೆ ಸೀಳು ಅಥವಾ ತಗ್ಗು ಇರುವ ಸೀಟುಗಳು ಕೆಲವರಿಗೆ ವರ, ಕೆಲವರಿಗೆ ಅದರ ಅಂಚೇ ಕಾಟ. ಬ್ರೂಕ್ಸ್ ಮಾದರಿಯ ದಪ್ಪ ತೊಗಲಿನ ಸೀಟು ಹೊಸ ಮೆಟ್ಟಿನ ಹಾಗೆ. ಕೆಲವು ನೂರು ಕಿಲೋಮೀಟರು ಕಚ್ಚಿ, ಆಮೇಲೆ ನಿಮ್ಮದೇ ಅಚ್ಚಿಗೆ ತಿರುಗುತ್ತದೆ. ಮಳೆಯಲ್ಲಿ ಮಾತ್ರ ಅದಕ್ಕೆ ಪ್ಲಾಸ್ಟಿಕ್ ಚೀಲದ ಟೋಪಿ ಬೇಕು.

ಸೀಟು ನೆಲಕ್ಕೆ ಸಮನಾಗಿರಲಿ, ಮೊಬೈಲಿನ ಲೆವೆಲ್ ಆ್ಯಪ್ ಇಟ್ಟು ನೋಡಿ. ಮೂತಿ ಮೇಲೆದ್ದರೆ ಮುಂಭಾಗ ಚುಚ್ಚುತ್ತದೆ, ಕೆಳಗಾದರೆ ನೀವು ಜಾರುತ್ತಾ ಇಡೀ ದಾರಿ ಕೈಯಿಂದ ನಿಮ್ಮನ್ನು ಹಿಂದಕ್ಕೆ ತಳ್ಳಿಕೊಳ್ಳುತ್ತಿರುತ್ತೀರಿ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಹಾಕುವವರು ಒಳಚಡ್ಡಿ ಹಾಕಬಾರದು. ಉಜ್ಜಿ ಗಾಯ ಮಾಡುವುದು ಅದರ ಹೊಲಿಗೆಯೇ. ಅಂಗಡಿಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕಿರುಬೆರಳು ಏಕೆ ಮಾಯವಾಯಿತು?

ಅಂಗೈಯ ಹೊರಬದಿಯಲ್ಲಿ, ಮಣಿಕಟ್ಟಿನ ಹತ್ತಿರ, ಒಂದು ನರ ಚರ್ಮಕ್ಕೆ ಸಮೀಪದಲ್ಲೇ ಹಾದುಹೋಗುತ್ತದೆ. ಕಿರುಬೆರಳಿಗೂ ಉಂಗುರದ ಬೆರಳಿನ ಅರ್ಧಕ್ಕೂ ಅದೇ ಸಂಪರ್ಕ. ಮೊಣಕೈ ಗೂಡಿಗೆ ಪೆಟ್ಟು ಬಿದ್ದಾಗ ಜುಂ ಎನ್ನುವುದೂ ಇದೇ ನರ. ಗಂಟೆಗಟ್ಟಲೆ ಹ್ಯಾಂಡಲ್ ಅದನ್ನು ಒತ್ತಿದರೆ ಬೆರಳು ಮರಗಟ್ಟುತ್ತದೆ. ನನ್ನ ಮೊದಲ ನಂದಿ ಸವಾರಿಯ ದಿನ ದೇವನಹಳ್ಳಿಯಲ್ಲಿ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿದಿದ್ದೆ. ಜೋಮು ದಿನಗಟ್ಟಲೆ ಉಳಿದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಮದ್ದು ಕೈಗವಸಿನಿಂದ ಶುರುವಾಗುವುದಿಲ್ಲ. ಕೈಮೇಲೆ ಅಷ್ಟು ಭಾರ ಏಕೆ ಬಿತ್ತು ಎಂದು ಮೊದಲು ನೋಡಬೇಕು. ಸೀಟಿನ ಮೂತಿ ಇಳಿದಿದೆಯೇ? ಹ್ಯಾಂಡಲ್ ಸೀಟಿಗಿಂತ ಬಹಳ ಕೆಳಗಿದೆಯೇ? ತುಂಬಾ ದೂರವಿದೆಯೇ? ಮೊಣಕೈ ಕೋಲಿನಂತೆ ನೆಟ್ಟಗಿದ್ದರೆ ದೂರ ಹೆಚ್ಚಾಗಿದೆ ಎಂದು ಅರ್ಥ.

ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ಗಿಡ್ಡ ತುಂಡಿಗೆ ಸ್ಟೆಮ್ ಎನ್ನುತ್ತಾರೆ. ಬಹಳಷ್ಟು ಸೈಕಲ್ಲುಗಳಲ್ಲಿ ಅದನ್ನು ತಲೆಕೆಳಗು ಮಾಡಿ ಹಾಕಿದರೆ ಹ್ಯಾಂಡಲ್ ಒಂದೆರಡು ಸೆಂ.ಮೀ. ಮೇಲೇಳುತ್ತದೆ. ಅಲೆನ್ ಕೀ ಸೆಟ್ ಇದ್ದರೆ ಮನೆಯಲ್ಲೇ ಅರ್ಧ ಗಂಟೆಯ ಕೆಲಸ. ಬಿಗಿ ಮಾಡುವಾಗ ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಸಿ, ಸ್ಟೆಮ್ ಮೇಲೆ ಬರೆದ ಮಿತಿ ದಾಟಬೇಡಿ. ದೂರ ಹೆಚ್ಚಾದರೆ 100 ಮಿ.ಮೀ. ಸ್ಟೆಮ್ ಜಾಗಕ್ಕೆ 80ರದ್ದು ಬರಲಿ. ಕೆಳಮನೆಯ ಹುಡುಗಿಗೆ ನಾವು ಮಾಡಿದ್ದು ಇವೆರಡೇ, ಜೊತೆಗೆ ಅವಳ ಸಣ್ಣ ಕೈಗೆ ಎಟುಕುವಂತೆ ಬ್ರೇಕ್ ಲಿವರಿನ ಪುಟ್ಟ ಸ್ಕ್ರೂ ತಿರುಗಿಸಿದ್ದು.

ನೇರ ಹ್ಯಾಂಡಲಿನ ಇನ್ನೊಂದು ಕೊರತೆ: ಕೈ ಇಡಲು ಒಂದೇ ಭಂಗಿ. ತುದಿಗೆ ಕೊಂಬಿನಂಥ ಬಾರ್ ಎಂಡ್ ಹಾಕಿಸಿದರೆ ಎರಡನೆಯದು ಸಿಗುತ್ತದೆ. ಅಂಗೈಗೆ ರೆಕ್ಕೆಯಂತೆ ಆಸರೆ ಕೊಡುವ ಗ್ರಿಪ್ಪೂ ಒಳ್ಳೆಯದು. ಬಾಗಿದ ಡ್ರಾಪ್ ಹ್ಯಾಂಡಲ್ ಹಾಕಿಸುವ ಆಸೆ ಅನೇಕರಿಗೆ. ಅದಕ್ಕೆ ಗೇರಿನ ಲಿವರೂ ಬ್ರೇಕಿನ ಲಿವರೂ ಹೊಸದು ಬೇಕು, ರಿಮ್ಮನ್ನು ಎರಡೂ ಕಡೆಯಿಂದ ಒತ್ತುವ ಹಳೆಯ ವಿ-ಬ್ರೇಕು ಅವಕ್ಕೆ ಹೊಂದದೆ ಇರಬಹುದು, ಮೊದಲೇ ಉದ್ದವಿರುವ ಹೈಬ್ರಿಡ್ ಫ್ರೇಮಿನಲ್ಲಿ ಹ್ಯಾಂಡಲ್ ಇನ್ನೂ ದೂರ ಹೋಗುತ್ತದೆ. ಅಷ್ಟು ಖರ್ಚಿಗೆ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ಹುಡುಕುವುದು ಲೇಸು.

ಗೇರಿನ ಗಣಿತ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ನಂದಿಯ ತುದಿ 1,478. ಏರಿನ ದೊಡ್ಡ ಪಾಲು ಕೊನೆಯ ಏಳೆಂಟು ಕಿಲೋಮೀಟರಿನಲ್ಲಿ ಒಟ್ಟಿಗೆ ಕಾದಿರುತ್ತದೆ. ಮಂಡಿ ಕೆಡುವುದು ಅಲ್ಲಿ.

ಗೇರು ಎಂದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಎಂಬ ಲೆಕ್ಕ. ಪೆಡಲಿನ ಬಳಿಯ ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ, ಟೈರಿನ ಸುತ್ತಳತೆಯಿಂದ ಗುಣಿಸಿ. ಮುಂದೆ 48, ಹಿಂದೆ 14 ಹಲ್ಲು, ಸುತ್ತಳತೆ 2.17 ಮೀಟರ್ ಆದರೆ ಒಂದು ತುಳಿತಕ್ಕೆ 7.4 ಮೀಟರ್. ಇಳಿಜಾರಿಗೆ ಸರಿ. ಮುಂದೆ 28, ಹಿಂದೆ 28 ಹಾಕಿದರೆ 2.17 ಮೀಟರ್. ಬಾವಿಯಿಂದ ದೊಡ್ಡ ಕೊಡದಲ್ಲಿ ನಾಲ್ಕು ಸಲ ಸೇದುವುದೋ, ಚಿಕ್ಕ ಬಿಂದಿಗೆಯಲ್ಲಿ ಹನ್ನೆರಡು ಸಲವೋ ಎಂಬ ಪ್ರಶ್ನೆ ಇದು. ನೀರು ಅಷ್ಟೇ, ಬೆನ್ನಿನ ಗತಿ ಬೇರೆ.

ನಿಮಿಷಕ್ಕೆ 60 ಸುತ್ತು ತುಳಿದರೆ 28-28ರಲ್ಲಿ ವೇಗ ಗಂಟೆಗೆ 7.8 ಕಿ.ಮೀ. ಏರಿನಲ್ಲಿ ಅಷ್ಟು ಆಗದವರು ಸುತ್ತು ಇಳಿಸಿ ಬಲ ಹೆಚ್ಚಿಸುತ್ತಾರೆ, ಮಂಡಿ ನರಳುತ್ತದೆ. ಹಿಂದೆ 34 ಹಲ್ಲಿನದಿದ್ದರೆ ಅದೇ 60 ಸುತ್ತಿಗೆ 6.4 ಕಿ.ಮೀ. ಸಾಕು. ಏಳು ಗೇರಿನ ಸಾಮಾನ್ಯ ಸೈಕಲ್ಲುಗಳಿಗೂ 14ರಿಂದ 34 ಹಲ್ಲಿನ ಫ್ರೀವೀಲ್, ಎಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಸಿಗುತ್ತದೆ. ಹಾಕಿಸುವ ಮುನ್ನ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ಅಷ್ಟು ದೊಡ್ಡ ಹಲ್ಲುಚಕ್ರ ತಾಳುತ್ತದೆಯೇ ಎಂದು ಮೆಕ್ಯಾನಿಕ್ಕನ್ನು ಕೇಳಿ. ಚೈನನ್ನೂ ಜೊತೆಗೇ ಬದಲಿಸಿ. ಸವೆದ ಚೈನು ಹೊಸ ಹಲ್ಲಿನ ಮೇಲೆ ಕೂರದೆ ಏರಿನ ನಡುವೆ ಜಾರುತ್ತದೆ.

ಕತ್ತಲೆ, ಮಳೆ, ಸಾಮಾನು

ಬೆನ್ನಿಗೆ ಐದು ಕೆ.ಜಿ. ಚೀಲ ಹಾಕಿದರೆ ಆ ಐದು ಕೆ.ಜಿ.ಯನ್ನೂ ಸೀಟಿನಲ್ಲಿ ಕೂರಿಸಿದಂತೆ. ಕ್ಯಾರಿಯರ್ ಹಾಕಿಸಿ ಅದನ್ನು ಸೈಕಲ್ಲಿಗೆ ಹೊರಿಸಿ. ಫ್ರೇಮಿನ ಹಿಂಭಾಗದಲ್ಲಿ ಅದಕ್ಕಾಗಿ ತೂತುಗಳಿವೆಯೇ ನೋಡಿಕೊಳ್ಳಿ. ಚಕ್ರವನ್ನು ಪೂರ್ತಿ ಆವರಿಸುವ ಮಡ್‌ಗಾರ್ಡ್ ನಮ್ಮ ಮಳೆಗಾಲದಲ್ಲಿ ಬೆನ್ನಿನ ಮೇಲೆ ಕೆಸರಿನ ಗೆರೆ ಬೀಳದಂತೆ ಕಾಯುತ್ತದೆ, ಹಿಂದೆ ಬರುವವರ ಮುಖವನ್ನೂ. ಮುಂದೆ ರಸ್ತೆ ಕಾಣುವಷ್ಟು ಬೆಳಕು, ಹಿಂದೆ ಕೆಂಪು ದೀಪ, ಪಂಕ್ಚರ್ ಸಾಮಾನು, ಒಂದು ಹೆಚ್ಚಿನ ಟ್ಯೂಬು, ಎರಡು ನೀರಿನ ಬಾಟಲಿ. ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಒಂದು ಸಲಕ್ಕೆ ಒಂದೇ

ಸೀಟು, ಸ್ಟೆಮ್, ಟೈರು ಎಲ್ಲವನ್ನೂ ಒಂದೇ ಶನಿವಾರ ಬದಲಿಸಿದರೆ ಭಾನುವಾರದ ಹೊಸ ನೋವು ಯಾವುದರದ್ದು ಎಂದು ತಿಳಿಯುವುದಿಲ್ಲ. ಈಗಿರುವ ಎತ್ತರಕ್ಕೆ ಇನ್ಸುಲೇಷನ್ ಟೇಪಿನ ಗುರುತು ಹಾಕಿ. ಒಂದು ಬದಲಾವಣೆ ಮಾಡಿ ಹೆಸರಘಟ್ಟದ ಕಡೆಗೋ ಕನಕಪುರ ರಸ್ತೆಗೋ ಒಂದು ಮೂವತ್ತು ನಲವತ್ತು ಕಿ.ಮೀ. ಹೋಗಿ ಬನ್ನಿ. ಎಲ್ಲಿ, ಎಷ್ಟನೇ ಕಿಲೋಮೀಟರಿಗೆ ನೋವು ಬಂತು ಎಂದು ಬರೆದಿಡಿ. ಎತ್ತರ, ಗಾಳಿ, ಸೀಟಿನ ವಾಲು ಈ ಮೂರಕ್ಕೆ ಕಾಸು ಬೇಡ. ಆಮೇಲೆ ಟೈರು, ಸ್ಟೆಮ್, ಸೀಟು. ಗೇರು ಕೊನೆಗೆ, ಏರು ಹತ್ತುವುದಿದ್ದರೆ.

ಒಂದನ್ನು ಮಾತ್ರ ಹೀಗೆ ತಿದ್ದಲಾಗದು, ಫ್ರೇಮಿನ ಅಳತೆ. ಸೈಕಲ್ಲಿನ ಮೇಲ್ಕಂಬಿಯ ಆಚೀಚೆ ಕಾಲಿಟ್ಟು ನಿಂತಾಗ ಕಂಬಿ ಮೈಗೆ ತಾಗಿದರೆ, ಅತಿ ಗಿಡ್ಡ ಸ್ಟೆಮ್ ಹಾಕಿದರೂ ಹ್ಯಾಂಡಲ್ ದೂರವೇ ಉಳಿದರೆ, ಅದು ನಿಮ್ಮ ಸೈಕಲ್ ಅಲ್ಲ. ಅಣ್ಣನ ಅಳತೆಯ ಷರಟಿಗೆ ತೋಳು ಮಡಚಿಕೊಳ್ಳಬಹುದು, ಭುಜ ಮಡಚಲಾಗುವುದಿಲ್ಲ. ಕೆಳಮನೆಯ ಹುಡುಗಿಯ ತಮ್ಮನದು ಇದೇ ಕೇಸು. ಆರಡಿಯವರಿಗೆ ಮಾಡಿದ ಫ್ರೇಮನ್ನು ಆಫರ್ ಇದೆ ಎಂದು ಕೊಂಡಿದ್ದ. ಈಗ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಅದು ಮಾರಾಟಕ್ಕಿದೆ, ಜೆಲ್ ಕವರ್ ಉಚಿತ.